ಮೆತ್ತಿನ ಮೇಲಿನ ಕಂಪ್ಯೂಟರ್, ಒಳಕೋಣೆಯ ಲಾರಿ

“ಒತ್ತಿದೆ!”

“ಇಲ್ಲಿ ಬಂತು. ಅಲ್ಲಿ?”

“ಇಲ್ಲಿ... ಹ್ಞಾಂ, ಈಗ ಬಂತು.”

ಕಳೆದ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ನಾನೂ ನನ್ನ ತಮ್ಮನೂ ಮನೆಯ ಎರಡು ಮೂಲೆಯಲ್ಲಿ ಕೂತು ಹೀಗೆ ಮುಕ್ಕಾಲು ಗಂಟೆ ಕೂಗಾಡಿದೆವು. ನಾನು ಮೆತ್ತಿನ ಮೇಲೆ, ಅಂದರೆ ಉಪ್ಪರಿಗೆಯಲ್ಲಿ, ಕಂಪ್ಯೂಟರಿನ ಮುಂದೆ. ಅವನು ಕೆಳಗೆ ಒಳಕೋಣೆಯ ಮಂಚದಲ್ಲಿ, ಕೈಯಲ್ಲಿ ಫೋನು. ಅವನು ಫೋನಿನಲ್ಲಿ ಆಟದ ಲಾರಿಯ ಹೆಡ್‌ಲೈಟ್ ಗುಂಡಿ ಒತ್ತಿದರೆ ಮೇಲೆ ನನ್ನ ಪರದೆಯಲ್ಲಿ ಲೈಟು ಹೊತ್ತಿಕೊಳ್ಳುತ್ತಿತ್ತು. ಅದೇ ಚಿತ್ರ ವಾಪಸ್ ಅವನ ಫೋನಿಗೆ ಹೋಗಿ ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಅಳೆಯುತ್ತಿದ್ದೆವು. ಅಳೆಯಲು ಬೇರೆ ಸಾಧನ ಗೊತ್ತಿರಲಿಲ್ಲ, ಗಂಟಲು ಇತ್ತು. ಅಡಿಗೆಮನೆಯಿಂದ ಅಮ್ಮ, “ಎಂತ ಒತ್ತೋದು, ಎಂತ ಬರೋದು? ಕರೆಂಟ್ ಹೋಗೋ ಹೊತ್ತಾಯ್ತು, ನಾನು ಮಿಕ್ಸಿ ಹಾಕ್ಕೊಳ್ತೀನಿ” ಅಂದಳು.

ಅದರ ಹಿಂದಿನ ಐದು ವಾರ ತಮ್ಮ ನನ್ನ ಹತ್ತಿರ ಹ್ಞೂಂ, ಬೇಡ, ಸಾಕು ಅನ್ನುವ ಮೂರು ಮಾತು ಬಿಟ್ಟು ಬೇರೆ ಆಡಿರಲಿಲ್ಲ.

ಯಾಕೆ ಅಂತ ಹೇಳದೆ ಮುಂದೆ ಹೋದರೆ ಸರಿಯಾಗುವುದಿಲ್ಲ. ನಮ್ಮದು ಸಾಗರ ತಾಲೂಕಿನ ಒಂದು ಒಂಟಿಮನೆ, ಸುತ್ತ ಅಡಿಕೆ ತೋಟ. ಪತ್ರಿಕೋದ್ಯಮ ಓದಿದ ಮೇಲೆ ನಾನು ಬೆಂಗಳೂರಿನಲ್ಲಿ ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಸೇರಿದೆ. ತಮ್ಮ ಪಿಯುಸಿ ಮುಗಿಸಿ ತೋಟಕ್ಕೆ ನಿಂತ. ಜೂನ್ ಮೊದಲಿಗೆ ನಾನು ಕೊಳೆರೋಗದ ಮದ್ದಿನ ಬಗ್ಗೆ ಒಂದು ವಿಡಿಯೊ ಮಾಡುತ್ತಿದ್ದೆ. ಮೈಲುತುತ್ತ, ಸುಣ್ಣ ಕದಡುವುದರಿಂದ ಹಿಡಿದು ಎಲ್ಲ ಶಾಟ್ ಇತ್ತು, ಮರದ ಮೇಲಿನಿಂದ ತೋಟ ನೋಡುವ ಶಾಟ್ ಒಂದು ಇರಲಿಲ್ಲ. ತಮ್ಮನಿಗೆ ಫೋನ್ ಮಾಡಿ, “ಕೊನೆಗೌಡ ಬಂದಾಗ ಅವರ ಕೈಯಲ್ಲಿ ಫೋನ್ ಕೊಟ್ಟು ಒಂದು ತೆಗೆಸು” ಅಂದೆ. ಮೂರು ದಿನ ಬಿಟ್ಟು ಮತ್ತೆ ಮಾಡಿ, “ನೀನೇ ಹತ್ತಿ ತೆಗಿಯೋ, ನಿಂಗೆ ಹತ್ತೋಕೆ ಬರ್ತದಲ್ಲ. ನಾನು ನಾಳೆ ಕೊಡಬೇಕು” ಅಂದೆ.

ಮಳೆಗೆ ಮರ ಪಾಚಿಗಟ್ಟಿತ್ತು. ಹದಿನೈದು ಅಡಿಯಿಂದ ಬಿದ್ದ. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು, ಮೂರು ತಿಂಗಳು ಆ ಕಾಲು ನೆಲಕ್ಕೆ ಊರಬಾರದು ಅಂದರು. ಮನೆಯವರಿಗೂ ಊರವರಿಗೂ ಅವನು ಹೇಳಿದ್ದು ಒಂದೇ ಮಾತು: ಕೊನೆಗೆ ಕೊಟ್ಟೆ ಕಟ್ಟೋಕಾಗ್ತದಾ ಅಂತ ನೋಡೋಕೆ ಹತ್ತಿದ್ದೆ. “ಇಷ್ಟು ಅರ್ಜೆಂಟ್ ಎಂತಕ್ಕೆ ಬೇಕಿತ್ತು ನಿಂಗೆ” ಅಂತ ಅಪ್ಪಯ್ಯ ಆಸ್ಪತ್ರೆಯಲ್ಲೇ ಬೈದರು. ಅವನು ಬೈಸಿಕೊಂಡ. ನಾನು ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಬಾಯಿ ಬಿಡಲಿಲ್ಲ.

ಆಫೀಸಿನಲ್ಲಿ ಕೇಳಿಕೊಂಡು ಮನೆಯಿಂದಲೇ ಕೆಲಸ ಮಾಡುವುದಾಗಿ ಬಂದೆ. ಬರುವಾಗ ಕಂಪ್ಯೂಟರನ್ನೂ ತಂದೆ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರುವುದು. ಕೆಳಗೆಲ್ಲ ಮಳೆಗಾಲದ ತೇವ, ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಹಾಗಾಗಿ ಮೆತ್ತಿನ ಮೇಲೆ ಇಟ್ಟೆ. ಹಗಲು ಎಡಿಟಿಂಗ್. ರಾತ್ರಿ ನಿದ್ದೆ ಬಾರದಿದ್ದಾಗ ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನುವ ಆಟ ಆಡುತ್ತಿದ್ದೆ. ಪ್ರಾಗ್ ಊರಿನ ಒಂದು ಕಂಪನಿ 2012ರಲ್ಲಿ ತಂದ ಆಟ ಅದು. ಹೊಡೆದಾಟ, ಬಡಿದಾಟ ಏನೂ ಇಲ್ಲ. ಲಾರಿಗೆ ಮಾಲು ಕಟ್ಟಿಕೊಂಡು ಯೂರೋಪಿನ ಒಂದು ಊರಿಂದ ಇನ್ನೊಂದು ಊರಿಗೆ ಹೋಗಿ ಇಳಿಸುವುದು, ಅಷ್ಟೇ.

ಮೊದಲ ಹತ್ತು ದಿನ ತಮ್ಮನ ಗೆಳೆಯರು ಬಂದರು. ಆಮೇಲೆ ಮಳೆ ಜೋರಾಯಿತು, ಯಾರೂ ಬರಲಿಲ್ಲ. ಅವನು ರೀಲ್ಸ್ ನೋಡುತ್ತಾ, ಅದೂ ಬೇಜಾರಾದಾಗ ಫೋನನ್ನು ಎದೆ ಮೇಲೆ ಮಗುಚಿಟ್ಟು ತೊಲೆ ನೋಡುತ್ತಾ ಮಲಗಿರುತ್ತಿದ್ದ. ಒಂದು ಬೆಳಿಗ್ಗೆ ಅಮ್ಮ ಗಂಜಿ ಕೊಡುವಾಗ ಕೇಳಿದನಂತೆ, “ಅಕ್ಕ ರಾತ್ರಿ ಲಾರಿ ಓಡಿಸ್ತಾಳಾ?” ನಮ್ಮ ಮೆತ್ತಿನ ನೆಲ ಹಲಗೆಯದು, ಮೇಲಿನ ಎಂಜಿನ್ ಸದ್ದು ಕೆಳಗೆ ಅವನ ಮಂಚಕ್ಕೆ ಇಳಿಯುತ್ತಿತ್ತು.

ಕಂಪ್ಯೂಟರನ್ನು ಕೆಳಗೆ ತರುವ ಹಾಗಿರಲಿಲ್ಲ. ಅವನನ್ನು ಮೇಲೆ ಹತ್ತಿಸುವ ಹಾಗೂ ಇರಲಿಲ್ಲ. ಚಿತ್ರವನ್ನು ಮಾತ್ರ ಇಳಿಸಬಹುದಿತ್ತು.

ಇದು ಹೊಸ ವಿದ್ಯೆಯೇನಲ್ಲ. ಸ್ಟೀಮ್ ಅನ್ನುವ ಆಟದ ಅಂಗಡಿ ನಡೆಸುವ ವಾಲ್ವ್ ಕಂಪನಿ 2014ರಲ್ಲೇ ಮನೆಯೊಳಗೆ ಒಂದು ಕಂಪ್ಯೂಟರಿನ ಆಟವನ್ನು ಇನ್ನೊಂದರಲ್ಲಿ ಆಡುವ ಸೌಲಭ್ಯ ಕೊಟ್ಟಿತ್ತು. 2018ರಲ್ಲಿ ಆಂಡ್ರಾಯ್ಡ್ ಫೋನಿಗೆ ಸ್ಟೀಮ್ ಲಿಂಕ್ ಆ್ಯಪ್ ಬಂತು. ನಾನು ಬಳಸಿದ್ದು ಅದನ್ನಲ್ಲ, ಮೂನ್‌ಲೈಟ್ ಅನ್ನುವುದನ್ನು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಹ್ಯಾಕಥಾನ್‌ನಲ್ಲಿ ಶುರು ಮಾಡಿದ್ದು, ಈಗಲೂ ಉಚಿತ. ಕಂಪ್ಯೂಟರಿನಲ್ಲಿ ಸನ್‌ಶೈನ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಹಾಕಬೇಕು, ಫೋನಿನಲ್ಲಿ ಮೂನ್‌ಲೈಟ್. ಫೋನ್ ನಾಲ್ಕಂಕಿಯ ಪಿನ್ ತೋರಿಸುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಹೊಡೆದರೆ ಎರಡಕ್ಕೂ ಪರಿಚಯವಾದ ಹಾಗೆ.

ಇಲ್ಲಿ ನಮ್ಮೂರಿನ ಎಲ್ಲರೂ ತಪ್ಪು ತಿಳಿದಿರುವ ಒಂದು ವಿಷಯ ಹೇಳಬೇಕು. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಪಂಚಾಯ್ತಿ ನಲ್ಲಿಯಲ್ಲಿ ನೀರು ನಿಂತರೂ ಮನೆಯ ಟ್ಯಾಂಕಿಯಿಂದ ಬಚ್ಚಲಿಗೆ ನೀರು ಬರುತ್ತದಲ್ಲ, ಹಾಗೆ. ರೂಟರ್ ಅನ್ನುವುದು ಮನೆಯೊಳಗಿನ ಪೈಪು. ಮರ ಬಿದ್ದು ರಸ್ತೆಯ ಫೈಬರ್ ತಂತಿ ಕಡಿದುಹೋದರೂ ರೂಟರಿಗೆ ಕರೆಂಟ್ ಇದ್ದರೆ ಮನೆಯ ಫೋನು, ಟಿವಿ, ಕಂಪ್ಯೂಟರ್ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬಹುದು. ಆಟ ಮತ್ತು ಆ್ಯಪ್ ಮೊದಲ ಸಲ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿಟ್ಟುಕೊಳ್ಳಬೇಕು. ಆಮೇಲೆ ಬೇಡ. ಆ ಜುಲೈನಲ್ಲಿ ನಮ್ಮ ಮನೆಗೆ ಎಂಟು ದಿನ ಇಂಟರ್ನೆಟ್ ಇರಲಿಲ್ಲ. ತಮ್ಮನ ರೀಲ್ಸ್ ನಿಂತಿತ್ತು, ನನ್ನ ಆಫೀಸ್ ಕೆಲಸ ನಿಂತಿತ್ತು. ಲಾರಿ ಮಾತ್ರ ಓಡುತ್ತಿತ್ತು.

ಡೇಟಾ ಲೆಕ್ಕವನ್ನೂ ಕೇಳಿ. ನಾವು ಇಟ್ಟುಕೊಂಡದ್ದು ಸೆಕೆಂಡಿಗೆ 10 ಮೆಗಾಬಿಟ್. ಅಂದರೆ ಗಂಟೆಗೆ 4.5 ಜಿಬಿ. ಇದು ಮೊಬೈಲ್ ಪ್ಯಾಕಿನಿಂದ ಹೋಗುವುದಾದರೆ ದಿನದ 2 ಜಿಬಿ ಅರ್ಧ ಗಂಟೆಗೆ ಖಾಲಿ. ಮನೆಯೊಳಗೇ ಓಡುವುದರಿಂದ ಪ್ಯಾಕಿನ ಒಂದು ಎಂಬಿಯೂ ಹೋಗುವುದಿಲ್ಲ. ದೂರದ ಕಂಪನಿಯ ಸರ್ವರಿನಿಂದ ಆಟ ತರಿಸಿಕೊಳ್ಳುವ ಪದ್ಧತಿಯೂ ಇದೆ. ಗೂಗಲ್ ಸ್ಟೇಡಿಯಾ ಅಂತ ಅಂಥದ್ದೊಂದನ್ನು ನಡೆಸಿ 2023ರ ಜನವರಿಯಲ್ಲಿ ಮುಚ್ಚಿತು. ನಮ್ಮಂಥ ಕಡೆ ಅದೆಲ್ಲ ಆಗುಹೋಗುವ ಮಾತಲ್ಲ ಅಂತ ನನ್ನ ಅಭಿಪ್ರಾಯ.

ಮೊದಲ ದಿನ ಆಗಲಿಲ್ಲ. ಚಿತ್ರ ಒಡೆದ ಹಾಲಿನ ಹಾಗೆ ತುಂಡು ತುಂಡು. ತಮ್ಮ ಎರಡು ನಿಮಿಷ ನೋಡಿ, “ಬೇಡ” ಅಂತ ಫೋನ್ ಮಗುಚಿಟ್ಟ.

ತಪ್ಪು ನಮ್ಮ ಗೋಡೆಯದು. ಅಜ್ಜನ ಕಾಲದ ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ದಾರಿ. 5ರ ದಾರಿ ಅಗಲ, ಆದರೆ ಅಂಥ ಗೋಡೆ ದಾಟುವಾಗ ಸೋಲುತ್ತದೆ. 2.4 ಗೋಡೆ ದಾಟುತ್ತದೆ, ಆದರೆ ಇಕ್ಕಟ್ಟು. ರೂಟರ್ ಜಗಲಿಯಲ್ಲಿತ್ತು. ಕಂಪ್ಯೂಟರಿನಿಂದ ಅಲ್ಲಿಗೆ ಒಂದು ಸಲ ವೈಫೈ, ಅಲ್ಲಿಂದ ಒಳಕೋಣೆಗೆ ಇನ್ನೊಂದು ಸಲ. ಒಂದೇ ಗಾಳಿಯಲ್ಲಿ ಎರಡು ಓಡಾಟ.

ಸಾಗರಕ್ಕೆ ಹೋಗಿ ಇಪ್ಪತ್ತು ಮೀಟರ್ ನೆಟ್‌ವರ್ಕ್ ತಂತಿ ತಂದೆ. ಮೆತ್ತಿನ ಹಲಗೆ ಸಂದಿಯಿಂದ ಇಳಿಸಿ, ತೊಲೆಗುಂಟ ಎಳೆದು, ರೂಟರನ್ನು ನಡುಮನೆಗೆ ತಂದು ಒಳಕೋಣೆಯ ಬಾಗಿಲಿಗೆ ನೇರ ಎದುರು ಮೊಳೆ ಹೊಡೆದು ತೂಗುಹಾಕಿದೆ. ಕಂಪ್ಯೂಟರಿನಿಂದ ರೂಟರಿಗೆ ತಂತಿ, ರೂಟರಿನಿಂದ ಫೋನಿಗೆ ಮಾತ್ರ ಗಾಳಿ. ಯಾರಾದರೂ ಇದನ್ನು ಮಾಡುವುದಿದ್ದರೆ ದುಬಾರಿ ರೂಟರಿಗೆ ದುಡ್ಡು ಹಾಕುವ ಮೊದಲು ಈ ತಂತಿ ಎಳೆದು ನೋಡಿ. ಹಾಗೇ ಗುಡುಗಿನ ಹೊತ್ತಿಗೆ ರೂಟರಿನ ತಂತಿಗಳನ್ನೆಲ್ಲ ಕಿತ್ತಿಡಿ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ.

ಆಮೇಲೆ ಶುರುವಾದದ್ದೇ ಆ ಕೂಗಾಟ.

ಸಿನಿಮಾ ಮತ್ತು ಆಟ ಎರಡೂ ಪರದೆಗೆ ಬರುವ ಚಿತ್ರವೇ ಆದರೂ ವ್ಯತ್ಯಾಸ ಇದೆ. ಸಿನಿಮಾ ಮುಂದಿನ ಹಲವು ಸೆಕೆಂಡಿನ ಚಿತ್ರವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಆಟಕ್ಕೆ ಆಗುವುದಿಲ್ಲ, ಯಾಕೆಂದರೆ ನೀವು ಎಡಕ್ಕೆ ತಿರುಗಿಸುತ್ತೀರೋ ಬಲಕ್ಕೋ ಅನ್ನುವುದು ತಿಳಿಯುವ ತನಕ ಮುಂದಿನ ಚಿತ್ರವೇ ಹುಟ್ಟಿರುವುದಿಲ್ಲ. ಗುಂಡಿ ಒತ್ತಿದ ಸುದ್ದಿ ಮೇಲೆ ಹೋಗಬೇಕು, ಕಂಪ್ಯೂಟರ್ ಹೊಸ ಚಿತ್ರ ಬಿಡಿಸಬೇಕು, ಗ್ರಾಫಿಕ್ಸ್ ಕಾರ್ಡ್ ಅದನ್ನು ಹಿಂಡಿ ಚಿಕ್ಕದು ಮಾಡಬೇಕು, ತಂತಿ ಮತ್ತು ಗಾಳಿಯಲ್ಲಿ ಕೆಳಗೆ ಬರಬೇಕು, ಫೋನ್ ಅದನ್ನು ಬಿಚ್ಚಿ ತೋರಿಸಬೇಕು. ಸೆಕೆಂಡಿಗೆ 60 ಚಿತ್ರ. ಒಂದೊಂದರ ಪಾಲಿಗೆ ಬರುವುದು 16 ಮಿಲಿಸೆಕೆಂಡ್ ಚಿಲ್ಲರೆ. ಕ್ರಿಕೆಟ್ ಆಟವಾದರೆ ಸ್ವಲ್ಪ ತಡವಾದರೂ ಬ್ಯಾಟ್ ಬೀಸುವಷ್ಟರಲ್ಲಿ ಸ್ಟಂಪ್ ಹೋಗಿರುತ್ತದೆ. ಲಾರಿ ಪುಣ್ಯಾತ್ಮ, ಕಾಯುತ್ತದೆ.

ನಾನು ಮೇಲೆ ಕೂತು ಚಿತ್ರದ ಗಾತ್ರ 1080ರಿಂದ 720ಕ್ಕೆ ಇಳಿಸಿದೆ, ಫೋನಿಗೆ ಅಷ್ಟು ಸಾಕು. ವೇಗ 30 ಮೆಗಾಬಿಟ್‌ನಿಂದ 20ಕ್ಕೆ, 15ಕ್ಕೆ, 10ಕ್ಕೆ. ಒಂದೊಂದು ಸಲ ಬದಲಾಯಿಸಿದಾಗಲೂ “ಒತ್ತು” ಅನ್ನುವುದು, ಅವನು “ಒತ್ತಿದೆ” ಅನ್ನುವುದು. 10ಕ್ಕೆ ಬಂದಾಗ ಕೆಳಗಿನಿಂದ ನಗು ಕೇಳಿತು. “ಅಕ್ಕ, ಹಾರ್ನ್ ಕೈಯಲ್ಲೇ ಇದ್ದ ಹಾಗೆ ಆಗ್ತದೆ ಮಾರಾಯ್ತಿ!” ಮತ್ತೆ ಕಾಲು ಗಂಟೆ ಬರೀ ಹಾರ್ನ್.

ಅವತ್ತಿನಿಂದ ಸಂಜೆ 7ರಿಂದ 10ರ ತನಕ ಕಂಪ್ಯೂಟರ್ ಅವನದು. ಹಗಲು ಕೊಡುವ ಹಾಗಿರಲಿಲ್ಲ, ಕಂಪ್ಯೂಟರಿನ ಪರದೆಯೇ ಫೋನಿಗೆ ಬರುವುದರಿಂದ ಒಮ್ಮೆಗೆ ಒಬ್ಬರೇ. ಮೊದಲು ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಒದ್ದಾಡಿದ, ಆಮೇಲೆ ಒಂದು ಬ್ಲೂಟೂತ್ ಕಂಟ್ರೋಲರ್ ತರಿಸಿದೆ. ಆಟದ ಅಕ್ಷರಗಳು ಫೋನಿನಲ್ಲಿ ಇರುವೆಯಷ್ಟು. ಎಲ್ಲಿಗೆ ಮಾಲು, ಎಷ್ಟು ಬಾಡಿಗೆ ಅಂತ ಓದಲಾಗದೆ ನನ್ನನ್ನು ಕೂಗುತ್ತಿದ್ದ. ನಾನು ಮೇಲಿನಿಂದಲೇ ಓದಿ ಹೇಳುತ್ತಿದ್ದೆ. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ರೂಟರ್ ಉಳಿಯುತ್ತಿತ್ತು, ಕಂಪ್ಯೂಟರ್ ಸಾಯುತ್ತಿತ್ತು. ಎಲ್ಲೋ ಜರ್ಮನಿಯ ಹೆದ್ದಾರಿಯಲ್ಲಿ ಲಾರಿ ಮಾಯ. “ಅಕ್ಕಾ!” ಅಂತ ಒಂದು ಕೂಗು.

ಒಂದು ಸಂಜೆ ಆಟ ತಾನಾಗೇ ನಿಂತು ಅವನ ಫೋನಿಗೆ ನನ್ನ ಕಂಪ್ಯೂಟರಿನ ಡೆಸ್ಕ್‌ಟಾಪ್ ಬಂತು. ನಾನು ಊಟಕ್ಕೆ ಇಳಿದಿದ್ದೆ. ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರ್ ಇತ್ತು, ಹೆಸರು ‘ಕೊಳೆರೋಗ - ಬಾಕಿ’. ತಟ್ಟೆ ಹಿಡಿದು ಒಳಕೋಣೆಗೆ ಹೋದಾಗ ಅವನು ಫೋನನ್ನು ನನ್ನ ಕಡೆ ತಿರುಗಿಸಿದ.

“ಇದನ್ನ ಮುಗಿಸ್ಲೇ ಇಲ್ವಾ ನೀನು?”

“ಇಲ್ಲ.”

“ನಾನು ತೆಗೆದ ಶಾಟ್ ಇದೆ. ಒಂಬತ್ತು ಸೆಕೆಂಡ್ ಚೆನ್ನಾಗೇ ಬಂದಿದೆ.”

ನನಗೆ ತುತ್ತು ಇಳಿಯಲಿಲ್ಲ. ತಪ್ಪಾಯ್ತು ಅಂದೆ. ನಾನೇ ಹತ್ತು ಅಂದಿದ್ದಲ್ವಾ ಅಂದೆ. ಅವನು ತುಂಬ ಹೊತ್ತು ಕಂಟ್ರೋಲರಿನ ಗುಂಡಿ ಸುಮ್ಮನೆ ಒತ್ತುತ್ತಾ ಇದ್ದ.

“ಬಿದ್ದಿದ್ದಕ್ಕೆ ಸಿಟ್ಟಿಲ್ಲ. ಅವತ್ತು ನಾನೇ ಮೂರು ಸಲ ಹತ್ತಿದ್ದೆ, ಮೊದ್ಲೆರಡು ಸಲ ಸರಿ ಬರ್ಲಿಲ್ಲ ಅಂತ. ಆಸ್ಪತ್ರೇಲಿ ಅಪ್ಪಯ್ಯ ನನ್ನ ಅಷ್ಟು ಬೈಯುವಾಗ ನೀನು ಬೆಂಚಿನ ಮೇಲೆ ಸುಮ್ನೆ ಕೂತಿದ್ಯಲ್ಲ, ಅದಕ್ಕೆ.”

ಇದಕ್ಕೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗಲೂ ಇಲ್ಲ. ಬೇರೆಯವರನ್ನು ಪ್ರಶ್ನೆ ಕೇಳುವುದನ್ನು ಮೂರು ವರ್ಷ ಓದಿದ್ದೇನೆ.

ಆಗಸ್ಟ್ ಕೊನೆಗೆ ವಾಕರ್ ಹಿಡಿದು, ಕಾಲು ಊರದೆ, ನಡುಮನೆಯ ತನಕ ಬರುವಷ್ಟಾದ. ಅಲ್ಲಿನ ಆಂಡ್ರಾಯ್ಡ್ ಟಿವಿಗೂ ಮೂನ್‌ಲೈಟ್ ಹಾಕಿದೆ. ಟಿವಿಯಲ್ಲಿ ಒಂದು ಕಿರಿಕಿರಿ ಉಂಟು. ಚಿತ್ರ ಚಂದ ಕಾಣಲಿ ಅಂತ ಅದು ಒಳಗೊಳಗೇ ಏನೇನೋ ಒಪ್ಪ ಮಾಡುತ್ತದೆ, ಅದರಿಂದ ತಡವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಸರಿ. ಅಮ್ಮನ ಧಾರಾವಾಹಿಯ ಜೊತೆ ಒಪ್ಪಂದವಾಗಿ ಎಂಟೂವರೆಯ ಮೇಲೆ ಟಿವಿ ನಮಗೆ ಸಿಕ್ಕಿತು.

ಅಪ್ಪಯ್ಯ ಎಲೆಅಡಿಕೆ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕೂರುವ ಹೊತ್ತು ಅದು. ಮೊದಲೆರಡು ದಿನ “ಓದೋ ಬರೆಯೋ ಮಕ್ಕಳಿಗೆ ಇದೊಂದು” ಅಂದರು. ಮೂರನೇ ದಿನ ಕುರ್ಚಿ ಸ್ವಲ್ಪ ಮುಂದೆ ಬಂತು. ನಮಗೆ ನೆನಪಿರಲಿಲ್ಲ: ಮದುವೆಗೆ ಮುಂಚೆ ಅವರು ಎರಡು ವರ್ಷ ನಾಟಾ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ. ಸ್ಟೇರಿಂಗ್ ಒಂದು ದಿನವೂ ಕೈಗೆ ಸಿಕ್ಕಿರಲಿಲ್ಲವಂತೆ.

“ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡೇ ಹೋಗ್ಬೇಡ, ಗೇರಲ್ಲಿ ಇಳಿಸು” ಅಂತ ತಮ್ಮನಿಗೆ ಹೇಳತೊಡಗಿದರು. ಕ್ಯಾಮೆರಾ ಕಂಡು ವೇಗಕ್ಕೆ ದಂಡ ಬಿದ್ದರೆ ತಮ್ಮಗಿಂತ ಅವರಿಗೇ ಬೇಜಾರು. ಯೂರೋಪಿನಲ್ಲಿ ಬಲಗಡೆ ಓಡಿಸುವುದು ಅವರಿಗೆ ಸಹಿಸಲೇ ಆಗಲಿಲ್ಲ. ಕಾಲೇಯಿಂದ ಕಡಲು ದಾಟಿ ಡೋವರಿಗೆ ಇಳಿದು, ಇಂಗ್ಲೆಂಡಿನಲ್ಲಿ ಎಡಗಡೆ ಸಿಕ್ಕಾಗ, “ಹಾಂ, ಈಗ ಸಮ ಆಯ್ತು. ಕೊಡು ಇಲ್ಲಿ” ಅಂತ ಕಂಟ್ರೋಲರಿಗೆ ಕೈ ಚಾಚಿದರು. ಮೊದಲ ತಿರುವಿನಲ್ಲೇ ದೀಪದ ಕಂಬಕ್ಕೆ ಹೊಡೆದರು. ಬಾಡಿಗೆಯಲ್ಲಿ ಮುರಿದುಕೊಂಡ ದುಡ್ಡು ನೋಡಿ, “ಯೂರೋ ಅಂದ್ರೆ ನಮ್ಮ ಎಷ್ಟು?” ಅಂತ ಕೇಳಿದರು.

ಅಪ್ಪಯ್ಯ ಲಾರಿ ಓಡಿಸುತ್ತಿದ್ದಾಗಲೇ ಒಂದು ರಾತ್ರಿ ಹೇಳಿದೆ. ಅವರ ಕಣ್ಣು ಪರದೆಯ ಮೇಲಿದ್ದದ್ದು ನನಗೆ ಅನುಕೂಲವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. “ಅವತ್ತು ಅವನು ಮರ ಹತ್ತಿದ್ದು ಕೊಟ್ಟೆ ನೋಡೋಕಲ್ಲ, ಅಪ್ಪಯ್ಯ. ನಾನು ವಿಡಿಯೊ ಬೇಕು ಅಂದಿದ್ದೆ.”

ಅವರು ಲಾರಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಇಂಡಿಕೇಟರ್ ಹಾಕಿ ನಿಲ್ಲಿಸಿದ್ದು ಚೆನ್ನಾಗಿ ನೆನಪಿದೆ.

“ಗೊತ್ತಿತ್ತು. ಫೋನು ಕೆಸರಿಂದ ಎತ್ತಿದ್ದು ನಾನೇ ಅಲ್ವಾ. ವಿಡಿಯೊ ಇನ್ನೂ ಓಡ್ತಾ ಇತ್ತು. ಬಂದ್ ಮಾಡಿದ್ದು ನಾನೇ.” ಸ್ವಲ್ಪ ಹೊತ್ತು ಬಿಟ್ಟು, “ಇಬ್ರಲ್ಲಿ ಯಾರಾದ್ರೂ ಒಬ್ರು ಹೇಳ್ತೀರಿ ಅಂತ ಇದ್ದೆ” ಅಂದರು. ಬೈಯಲಿಲ್ಲ. ತಮ್ಮ ಗೋಡೆ ನೋಡುತ್ತಿದ್ದ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು, ಅಂದರೆ ಅಮ್ಮನೂ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಅಪ್ಪಯ್ಯ, “ಇದನ್ನ ರಿವರ್ಸ್ ಹಾಕೋದು ಹೇಗೆ, ಹೇಳು” ಅಂದರು, ತಮ್ಮ ಹೇಳಿಕೊಟ್ಟ.

ವಿಡಿಯೊ ಅಕ್ಟೋಬರಿನಲ್ಲಿ ಮುಗಿಸಿದೆ. ಆ ಒಂಬತ್ತು ಸೆಕೆಂಡ್ ಹಾಕಲಿಲ್ಲ. ನೆಲದಲ್ಲೇ ನಿಂತು ಫೈಬರ್ ದೋಟಿಯಿಂದ ಮದ್ದು ಹೊಡೆಯುವುದನ್ನು ಪಕ್ಕದ ತೋಟದಲ್ಲಿ ತೆಗೆದು ಹಾಕಿದೆ.

ತಮ್ಮ ಈಗ ನಡೆಯುತ್ತಾನೆ, ಚಳಿಗೆ ಸ್ವಲ್ಪ ಕುಂಟುತ್ತಾನೆ. ಮರ ಹತ್ತುವುದಿಲ್ಲ, ಈ ವರ್ಷ ನಾವೂ ದೋಟಿ ಕೊಂಡಿದ್ದೇವೆ. ನಾನು ತಿಂಗಳಿಗೆ ಹದಿನೈದು ದಿನ ಬೆಂಗಳೂರು, ಹದಿನೈದು ದಿನ ಮನೆ. ಕಂಪ್ಯೂಟರ್ ಮೆತ್ತಿನ ಮೇಲೇ ಇದೆ, ಬೆಂಗಳೂರಿನಲ್ಲಿ ಆಫೀಸಿನ ಲ್ಯಾಪ್‌ಟಾಪ್ ಸಾಕು ಅಂತ ಬಿಟ್ಟೆ. ಅಪ್ಪಯ್ಯ ಈಗ ತಮ್ಮದೇ ಪ್ರೊಫೈಲ್ ಮಾಡಿಸಿಕೊಂಡಿದ್ದಾರೆ, ಇಂಗ್ಲೆಂಡ್ ಬಿಟ್ಟು ಬೇರೆ ಕಡೆಯ ಬಾಡಿಗೆ ಹಿಡಿಯುವುದಿಲ್ಲ.

ಮೊನ್ನೆ ತೊಲೆಯ ಮೇಲಿನ ತಂತಿಯನ್ನು ಇಲಿ ಕಡಿದು ಎರಡು ದಿನ ಲಾರಿ ನಿಂತಿತ್ತಂತೆ. ತಮ್ಮ ಸಾಗರದಿಂದ ಹೊಸ ತಂತಿ ತಂದು, ಮೆತ್ತು ಹತ್ತಿ ತಾನೇ ಎಳೆದಿದ್ದಾನೆ. ಈ ಸಲ ತೋಟದ ಹಳೆ ಪಿವಿಸಿ ಪೈಪಿನೊಳಗೆ ತೂರಿಸಿ.